ಸರ್ವಾನುಮತದ ಚಪ್ಪಾಳೆ

ಕ್ಯಾಲಿಫೋರ್ನಿಯಾದ ಮೊದಲ ಶಾಸನಸಭೆಯಲ್ಲಿ ಕೂತಿದ್ದ ಗಂಡಸರ ಮೇಲೆ ನನಗೆ ಈಗ ಅಷ್ಟು ಕೋಪವಿಲ್ಲ. ಅವರೆಲ್ಲ ಸತ್ತು ಮಣ್ಣಾಗಿ ನೂರು ವರ್ಷದ ಮೇಲಾಯಿತು. ನನ್ನ ಕೋಪವೆಲ್ಲ ನಮ್ಮ ಮನೆಯ ಸೋಫಾದ ಮೇಲೆ ಕೂತು, ನಾನು ಕರಿದ ಮಿರ್ಚಿ ತಿಂದು, ಕೈ ಎತ್ತಿದವರ ಮೇಲೆ. ಅವರು ಬದುಕಿದ್ದಾರೆ. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಜೊತೆ ಶುಭೋದಯ ಕಳಿಸುತ್ತಾರೆ. ಅವರಲ್ಲೊಬ್ಬ ನನ್ನ ಗಂಡ.

ಆ ಸಭೆಗೂ ಈ ಸೋಫಾಕ್ಕೂ ಏನು ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ, ಕೇಳಿ. ನನ್ನ ಹೆಸರು ಚಂದ್ರಾವತಿ. ಚಿತ್ರದುರ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಏಳು ವರ್ಷದ ಹಿಂದೆ ಗಂಡನ ಜೊತೆ ಐರ್ಲೆಂಡಿನ ಗಾಲ್ವೇಗೆ ಬಂದೆ. ಗಂಡ ಅನಂತಕೃಷ್ಣ ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಕೆಮ್ಮಿನ ಸಿರಪ್ಪು ಮಾರುತ್ತೇನೆ. ಮೊದಲೆಲ್ಲ ಗಂಡನ ಮಾತೆತ್ತಿದರೆ ‘ಅವರು’ ಎನ್ನುತ್ತಿದ್ದೆ. ಆ ಭಾನುವಾರದಿಂದ ಈಚೆಗೆ ಬಾಯಲ್ಲಿ ‘ಅವರು’ ಬರುತ್ತಿಲ್ಲ, ‘ಆತ’ ಎಂದೇ ಬರುತ್ತದೆ. ಬರಲಿ ಬಿಡಿ.

ನಮಗೊಬ್ಬಳೇ ಮಗಳು, ಶರ್ವಾಣಿ. ಹದಿನೈದು ವರ್ಷ. ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಗಾಲ್ವೇ ಇಂಗ್ಲಿಷಿನಲ್ಲಿ. ಇಲ್ಲಿನ ಶಾಲೆಗಳಲ್ಲಿ ಈ ವಯಸ್ಸಿಗೆ ದೊಡ್ಡ ಪರೀಕ್ಷೆಯ ಗೋಜಿಲ್ಲದ ಒಂದು ವರ್ಷವಿರುತ್ತದೆ. ನಾಟಕ, ಪ್ರವಾಸ, ಪ್ರಾಜೆಕ್ಟು ಎಂದು ಕಳೆಯುತ್ತಾರೆ. ಅವಳ ಹಿಸ್ಟರಿ ಟೀಚರ್‌ಗೆ ಒಂದು ಯೋಚನೆ ಬಂತು. ಐರ್ಲೆಂಡಿನಿಂದ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದವರ ಪಾಠ ಮಾಡುತ್ತಿದ್ದರಲ್ಲ, ಅಲ್ಲಿನ ಮೊದಲ ಶಾಸನಸಭೆಯನ್ನು ಮಕ್ಕಳಿಂದಲೇ ಆಡಿಸಿ, ಅಪ್ಪ-ಅಮ್ಮಂದಿರನ್ನು ಕರೆದು ತೋರಿಸೋಣ ಎಂದು.

ಶರ್ವಾಣಿ ಅಡುಗೆಮನೆಗೆ ಬಂದು, ಸಹಾಯ ಮಾಡ್ತೀಯಾ ಅಂದಳು. ನನಗೆ ಆದ ಸಂತೋಷ ಏನು ಹೇಳಲಿ! ಎಂಎ ಓದಿ ಕೆಮ್ಮಿನ ಸಿರಪ್ಪು ಮಾರುವವಳ ಹತ್ತಿರ ಮಗಳು ಇತಿಹಾಸ ಕೇಳಿಕೊಂಡು ಬಂದಿದ್ದಳು. ಸಾರಿನ ಒಲೆ ಆರಿಸಿ ಕೂತೆ.

ಆ ಸಭೆ ಸೇರಿದ್ದು ಸ್ಯಾನ್ ಹೊಸೆ ಎಂಬ ಊರಿನಲ್ಲಿ, ೧೮೪೯ರ ಡಿಸೆಂಬರಿನಲ್ಲಿ. ಮಳೆ, ಕೆಸರು. ಅರ್ಧ ಜನ ದಾರಿಯಲ್ಲೇ ಸಿಕ್ಕಿಹಾಕಿಕೊಂಡು ಮೊದಲ ದಿನ ಕೋರಂ ಕೂಡ ಆಗಲಿಲ್ಲ. ಸಭೆಯ ಕಟ್ಟಡಕ್ಕೆ ಇನ್ನೂ ಕೆಲಸ ಬಾಕಿಯಿತ್ತು. ಬಂದವರಲ್ಲೊಬ್ಬ ಸೆನೆಟರ್ ಸಭೆ ಮುಗಿಯುವುದೇ ತಡ, ಬನ್ನಿ ಸಾವಿರ ಗುಟುಕು ಹಾಕೋಣ ಎಂದು ಎಲ್ಲರನ್ನೂ ಎಳೆದುಕೊಂಡು ಹೋಗುತ್ತಿದ್ದನಂತೆ. ಅದಕ್ಕೇ ‘ಸಾವಿರ ಗುಟುಕಿನ ಶಾಸನಸಭೆ’ ಎಂದು ಅಡ್ಡಹೆಸರು ಬಿತ್ತು. ಶರ್ವಾಣಿ ಬಿದ್ದು ಬಿದ್ದು ನಕ್ಕಳು. ಟೀಚರ್ ಕೊಟ್ಟಿದ್ದ ನಾಟಕದ ಹಾಳೆಗಳಲ್ಲೂ ಇದೇ ಇತ್ತು. ಮಳೆ, ಕುಡಿತ, ಜಿಲ್ಲೆಗಳ ಹಂಚಿಕೆ, ರಾಜಧಾನಿ ಎಲ್ಲಿರಬೇಕೆಂಬ ಜಗಳ.

ನಾನು ಪಾಠ ಮಾಡಿದವಳಲ್ಲವೇ, ಹಾಳೆಯಲ್ಲಿ ಇಲ್ಲದ್ದನ್ನು ಹುಡುಕದಿದ್ದರೆ ಅನ್ನ ಸೇರುವುದಿಲ್ಲ. ಲ್ಯಾಪ್‌ಟಾಪ್ ತೆಗೆದು ಆ ಸಭೆ ಮಾಡಿದ ಕಾನೂನುಗಳನ್ನು ಇಬ್ಬರೂ ಕೂತು ಓದಿದೆವು. ಏಪ್ರಿಲಿನಲ್ಲಿ ಪಾಸಾದ ಒಂದು ಕಾನೂನಿನ ಮುಂದೆ ನಿಂತೆವು. ಕರಿಯರಾಗಲಿ, ಮಿಶ್ರ ರಕ್ತದವರಾಗಲಿ, ಆ ನೆಲದ ಮೂಲನಿವಾಸಿಗಳಾಗಲಿ, ಯಾವ ಬಿಳಿಯನ ಪರವಾಗಿಯೂ ವಿರುದ್ಧವಾಗಿಯೂ ಸಾಕ್ಷಿ ಹೇಳುವಂತಿಲ್ಲ. ಅಷ್ಟೇ. ಕಣ್ಣೆದುರಿಗೆ ಕೊಲೆಯಾದರೂ ಸರಿ, ನೀನು ನೋಡಿಲ್ಲ.

“ಇದು ಯಾವಾಗ?” ಎಂದಳು ಶರ್ವಾಣಿ.

“ಐವತ್ತನೇ ಇಸವಿ ಏಪ್ರಿಲ್. ಕ್ಯಾಲಿಫೋರ್ನಿಯಾನ ಅಮೆರಿಕ ಒಂದು ರಾಜ್ಯ ಅಂತ ಒಳಗೆ ಸೇರಿಸ್ಕೊಂಡಿದ್ದು ಸೆಪ್ಟೆಂಬರ್‌ನಲ್ಲಿ ಕಣೇ. ನೋಡು, ಇವರೇ ಇನ್ನೂ ಹೊಸಿಲು ದಾಟಿರ್ಲಿಲ್ಲ. ಹೊರಗೆ ನಿಂತ್ಕೊಂಡೇ ಪಕ್ಕದೋರ ಬಾಯಿಗೆ ಬೀಗ ಹಾಕಿದ್ರು.”

ಮಾರನೆಯ ದಿನ ಅವಳು ಟೀಚರ್‌ಗೆ ಇದನ್ನೂ ಸೇರಿಸೋಣ ಎಂದಳಂತೆ. ಆಯಮ್ಮ ಒಳ್ಳೆಯವಳೇ. ಇದು ಸ್ವಲ್ಪ ಭಾರ ಆಯ್ತು ಪುಟ್ಟಾ, ಪೇರೆಂಟ್ಸ್ ಬರ್ತಾರೆ, ಹಗುರವಾಗಿ ಇಟ್ಟುಕೊಳ್ಳೋಣ ಎಂದಳಂತೆ. ಶರ್ವಾಣಿ ಸುಮ್ಮನಾದಳು. ಸಭಾಪತಿಯ ಪಾತ್ರ ಫಿಂಟನ್ ಎಂಬ ಹುಡುಗನಿಗೆ ಸಿಕ್ಕಿತು. ಎತ್ತರದ ಹುಡುಗ, ಗಂಟಲು ಚೆನ್ನಾಗಿದೆ. ಅವನಪ್ಪ ನಮ್ಮ ಬಡಾವಣೆಯ ಕಮ್ಯುನಿಟಿ ಹಾಲಿನ ಟ್ರಸ್ಟ್‌ಗೆ ಮುಖ್ಯಸ್ಥ.

ಇನ್ನು ಉಲ್ಲಾಸ್‌ನ ವಿಷಯ. ಇಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ಹುಲಿ ಹಾಲು ಕರೆದ ಹಾಗೆ. ಅರಸೀಕೆರೆಯ ಹುಡುಗ ಉಲ್ಲಾಸ್ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಮಾಡಲು ಬಂದು, ಜಾಗ ಸಿಗದೆ ಯಾರದೋ ಮನೆಯ ನೆಲದ ಮೇಲೆ ಮಲಗುತ್ತಿದ್ದ. ನಾನೇ ಕರೆದು ನಮ್ಮ ಚಿಕ್ಕ ರೂಮು ಕೊಟ್ಟೆ. ಶರ್ವಾಣಿಗೆ ಅಣ್ಣನಂತಾಗಿಬಿಟ್ಟ. ಅವಳ ಬಸ್ಸೂ ಅವನ ಬಸ್ಸೂ ಒಂದೇ ಆದರೆ ಇಬ್ಬರೂ ಒಟ್ಟಿಗೆ ನಡೆದುಕೊಂಡು ಬರುತ್ತಿದ್ದರು.

ಅಕ್ಟೋಬರಿನ ಒಂದು ಸಂಜೆ ಹಾಗೆ ಇಳಿದಿದ್ದಾರೆ. ಉಲ್ಲಾಸ್ ಮುಂದೆ, ಫೋನಿನಲ್ಲಿ ಊರಿನ ಜೊತೆ ಮಾತು. ಶರ್ವಾಣಿ ಶೂ ಲೇಸು ಕಟ್ಟಲು ಬಸ್ ಸ್ಟಾಪಿನಲ್ಲೇ ಬಗ್ಗಿದ್ದಾಳೆ. ಮೂವರು ಹುಡುಗರು ಹಿಂದಿನಿಂದ ಬಂದು ಅವನನ್ನು ತಳ್ಳಿದರು. ಬಿದ್ದವನನ್ನು ಒದ್ದರು. ನಿನ್ನ ದೇಶಕ್ಕೆ ಹೋಗು ಎಂದು ಕೂಗಿದರು. ಬಲಗೈ ಮಣಿಕಟ್ಟಿನ ಮೇಲೆ ಒಬ್ಬ ಕಾಲಿಟ್ಟು ತುಳಿದ. ಉಲ್ಲಾಸ್ ಮುಖ ಅಡಿ ಮಾಡಿ ಬಿದ್ದಿದ್ದರಿಂದ ಯಾರನ್ನೂ ನೋಡಲಿಲ್ಲ. ನೋಡಿದ್ದು ಶರ್ವಾಣಿ. ತುಳಿದವನ ಹುಡ್ ಜಾರಿತ್ತು. “ಫಿಂಟನ್!” ಎಂದು ಚೀರಿದಳಂತೆ. ಅವನು ತಿರುಗಿ ಇವಳ ಮುಖವನ್ನೇ ನೋಡಿ ಓಡಿದನಂತೆ.

ಆ ರಾತ್ರಿ ಡ್ಯೂಟಿಯಲ್ಲಿದ್ದವನು ನನ್ನ ಗಂಡನೇ. ಉಲ್ಲಾಸ್‌ನ ಮಣಿಕಟ್ಟಿಗೆ ಪ್ಲೇಟು ಹಾಕಿ, ಮುರಿದ ಮೂಳೆ ಕೂಡಿಸಿದ. ಕೆಲಸದಲ್ಲಿ ಆತನನ್ನು ಬಯ್ಯುವ ಹಾಗಿಲ್ಲ, ಬಂಗಾರದ ಕೈ. ಮನೆಗೆ ಬಂದು, “ಪಾಪದ ಹುಡುಗ, ಪೆನ್ನು ಹಿಡಿಯೋಕೆ ತಿಂಗಳುಗಟ್ಟಲೆ ಬೇಕು” ಎಂದು ಕಣ್ಣೊರೆಸಿಕೊಂಡ. ಶರ್ವಾಣಿ ಅಪ್ಪನ ಪಕ್ಕ ಕೂತು ತಾನು ಕಂಡಿದ್ದೆಲ್ಲ ಹೇಳಿದಳು. ಹೆಸರನ್ನೂ ಹೇಳಿದಳು.

ಮಾರನೆಯ ದಿನ ನಾನು ಅಂಗಡಿಯಲ್ಲಿದ್ದಾಗ ಗಾರ್ಡ ಮನೆಗೆ ಬಂದರು. ಇಲ್ಲಿನ ಪೊಲೀಸರಿಗೆ ಗಾರ್ಡ ಎನ್ನುತ್ತಾರೆ. ಮಗಳು ಜೊತೆಗಿದ್ದಳಂತೆ, ಏನಾದರೂ ನೋಡಿದಳಾ ಎಂದು ಕೇಳಿದ್ದಾರೆ. ಶರ್ವಾಣಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ನನ್ನ ಗಂಡ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟು ಮುಗಿಸಿದ್ದ. ಅವಳು ಹಿಂದೆ ಇದ್ದಳು, ಏನೂ ಕಾಣಲಿಲ್ಲ, ಮಗು ಹೆದರಿದೆ.

ಸಂಜೆ ವಿಷಯ ಗೊತ್ತಾಗಿ ನನಗೆ ಮೈಯೆಲ್ಲ ಬೆಂಕಿ ಬಿತ್ತು.

“ರೀ, ನಿಮಗೇನು ಬುದ್ಧಿ ಕೆಟ್ಟಿದೆಯಾ? ಆ ಹುಡುಗನ ಕೈ ಕೂಡಿಸಿದೋರು ನೀವೇ ಅಲ್ವಾ?”

“ಚಂದ್ರ, ಕೂಗಾಡ್ಬೇಡ. ಸಿಟಿಜನ್‌ಶಿಪ್ ಅಪ್ಲಿಕೇಶನ್ ಸರ್ಕಾರದ ಮುಂದೈತೆ. ಏಳು ವರ್ಷ ಕಾದಿದೀವಿ. ಈಗ ಕೋರ್ಟು ಕೇಸು ಅಂತ ನಮ್ಮ ಹೆಸರು ಓಡಾಡೋದು ಬೇಡ.”

“ಸಾಕ್ಷಿ ಹೇಳಿದ್ರೆ ಕೊಡಲ್ಲ ಅಂತ ಯಾವ ಕಾನೂನಲ್ಲಿ ಬರೆದಿದೆ, ತೋರಿಸಿ.”

“ಬರೆದಿರಲ್ಲ ಕಣೇ. ಬರೆಯೋ ಅವಶ್ಯಕತೆ ಇರಲ್ಲ.”

ಆ ಮಾತಿಗೆ ನನ್ನ ಸಿಟ್ಟು ಇಮ್ಮಡಿಯಾಯಿತು. ಸ್ಯಾನ್ ಹೊಸೆಯ ಕುಡುಕರು ಕೊನೇಪಕ್ಷ ಬರೆದಿಟ್ಟರು. ಓದಿ ಉಗಿಯಲು ನಮಗೆ ಒಂದು ಸಾಲಾದರೂ ಸಿಕ್ಕಿತು. ಈತ ಬರೆಯದ ಕಾನೂನಿಗೆ ಮೊದಲೇ ತಲೆಬಾಗಿ, ಮಗಳ ತಲೆಯನ್ನೂ ಹಿಡಿದು ಬಗ್ಗಿಸಿದ್ದ.

ಶರ್ವಾಣಿಯನ್ನು ಕರೆದೆ. “ನಡಿ, ಸ್ಟೇಷನ್‌ಗೆ ಹೋಗೋಣ. ನಾನು ಪಕ್ಕದಲ್ಲಿ ಕೂತಿರ್ತೀನಿ.” ಹದಿನೆಂಟು ತುಂಬದವರು ಹೇಳಿಕೆ ಕೊಡುವಾಗ ಅಪ್ಪನೋ ಅಮ್ಮನೋ ಪಕ್ಕದಲ್ಲಿರಬೇಕು.

“ಲೀವ್ ಇಟ್, ಮ್ಯಾಮ್. ಐ ಆಮ್ ಗ್ರ್ಯಾಂಡ್,” ಎಂದಳು. ಇಲ್ಲಿನವರ ಬಾಯಲ್ಲಿ ಹಾಗೆಂದರೆ ಚೆನ್ನಾಗಿದ್ದೇನೆ ಎಂದು. ಗ್ರ್ಯಾಂಡ್ ಅಂತೆ! ಕಣ್ಣು ಊದಿತ್ತು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲೇ, ಅಪ್ಪನಿಗೆ ಪಾಸ್‌ಪೋರ್ಟ್ ಬರದಿದ್ದರೆ ಅದು ನನ್ನಿಂದ ಅಂತ ಆಗಬಾರದು ಎಂದಳು. ಹದಿನೈದು ವರ್ಷದ ಕೂಸಿನ ಹೆಗಲ ಮೇಲೆ ಎಂಥ ಮೂಟೆ ಹೊರಿಸಿದ್ದ ಈ ಮಹಾನುಭಾವ! ಎಳೆದುಕೊಂಡು ಹೋಗಬಹುದಿತ್ತು ನಾನು. ಆದರೆ ಬಾಯಿ ಅವಳದು. ಅವಳು ತೆರೆಯದಿದ್ದರೆ ಸ್ಟೇಷನ್ನಿನಲ್ಲಿ ಕುರ್ಚಿ ಬಿಸಿ ಮಾಡಿ ಬರುವುದಷ್ಟೇ. ಅವಳು ಹೇಳದಿದ್ದರೆ ಉಲ್ಲಾಸ್‌ನ ಕೇಸು ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಬೇರೆ ಯಾರೂ ನೋಡಿರಲಿಲ್ಲ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಗಾಲ್ವೇಯಲ್ಲಿ ನಾವು ಕೆಲವರು ಸೇರಿ ಹೊಸದಾಗಿ ಕನ್ನಡ ಕೂಟ ಮಾಡಿಕೊಂಡಿದ್ದೆವು. ಡಬ್ಲಿನ್ನಿನ ದೊಡ್ಡ ಕೂಟದವರಿಗೆ, ಅಂದರೆ ಬ್ಲಾಂಚರ್ಡ್ಸ್‌ಟೌನ್, ಲೆಪರ್ಡ್ಸ್‌ಟೌನ್ ಕಡೆಯ ಹಳಬರಿಗೆ, ನಮ್ಮನ್ನೂ ಶಾಖೆಯೆಂದು ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ್ದಾಗಿತ್ತು. ಮೊದಲು ಒಂದು ರಾಜ್ಯೋತ್ಸವ ಮಾಡಿ ತೋರಿಸಿ, ನೋಡೋಣ ಎಂದಿದ್ದರು ಅವರು. ಅದಕ್ಕಾಗಿ ಹೊಸ ಕಮಿಟಿಯ ಮೊಟ್ಟಮೊದಲ ಸಭೆ ನಮ್ಮ ಮನೆಯಲ್ಲಿ. ಅಧ್ಯಕ್ಷ ಸುಹಾಸ್, ಒಂದು ಕಂಪನಿಯಲ್ಲಿ ಮ್ಯಾನೇಜರು. ಹೃದಯಕ್ಕೆ ಹಾಕುವ ಸ್ಪ್ರಿಂಗಿನಂಥ ಸಾಮಾನು ಮಾಡುತ್ತಾರಂತೆ ಅಲ್ಲಿ, ಆ ಸಾಮಾನು ತನಗೂ ಒಂದು ಬೇಕಿತ್ತು ಆತನಿಗೆ. ರತ್ನಾ ಸಾಂಸ್ಕೃತಿಕ ಕಾರ್ಯದರ್ಶಿ, ಕಮಿಟಿಗೆ ಒಬ್ಬಳೇ ಹೆಂಗಸು. ಉಳಿದವರು ಹೆಸರಿಗಿದ್ದರು. ಖಜಾಂಚಿ ನನ್ನ ಗಂಡ. ನಾನು ಕಮಿಟಿಯಲ್ಲಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಲಾಖೆ ನನ್ನದು.

ಕಾರ್ಯಕ್ರಮಕ್ಕೆ ಹಾಲು ಬಾಡಿಗೆಯಿಲ್ಲದೆ ಸಿಕ್ಕಿದೆ ಎಂದು ಸುಹಾಸ್ ಹೇಳಿದ. ಚಪ್ಪಾಳೆ. ಹಾಲಿನ ಮುಖ್ಯಸ್ಥರೇ, ಅಂದರೆ ಫಿಂಟನ್‌ನ ಅಪ್ಪನೇ, ಮುಖ್ಯ ಅತಿಥಿಯಾಗಲು ಒಪ್ಪಿದ್ದಾರೆ ಎಂದ. ಮತ್ತೆ ಚಪ್ಪಾಳೆ. ಅವರಿಗೆ ಹಾಕಲು ಮೈಸೂರು ಪೇಟ ಊರಿಂದ ಕೊರಿಯರ್‌ನಲ್ಲಿ ಬಂದು ನಮ್ಮ ಮನೆಯ ಫ್ರಿಜ್ಜಿನ ಮೇಲೆ ಡಬ್ಬಿಯಲ್ಲಿ ಕೂತಿತ್ತು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ನಾವು ಯಾವ ದೇಶಕ್ಕೆ ಹೋದರೂ ಒಬ್ಬನನ್ನು ಹಿಡಿದು ಕೂರಿಸಿ ಇದನ್ನೆಲ್ಲ ಹೊರಿಸದಿದ್ದರೆ ತಾಯಿ ಭುವನೇಶ್ವರಿ ಒಪ್ಪುವುದಿಲ್ಲ.

ನಾನು ಬಾಣಲೆಯಲ್ಲಿ ಮಿರ್ಚಿ ಬಿಡುತ್ತಿದ್ದೆ. ಸುಹಾಸ್ ದನಿ ತಗ್ಗಿಸಿದ. ತಗ್ಗಿಸಿದ ದನಿಯೇ ನನಗೆ ಮೊದಲು ಕೇಳುವುದು.

“ಈಗ ಒಂದ್ ಸೆನ್ಸಿಟಿವ್ ಮ್ಯಾಟರ್. ಉಲ್ಲಾಸ್‌ದು. ಅನಂತ್ ಸಾರ್ ನಂಗೆ ಎಲ್ಲಾ ಹೇಳಿದಾರೆ. ಹುಡುಗ ಯಾರ ಮಗ ಅಂತಾನೂ ಗೊತ್ತು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಮ್ಮ ಕೂಟ ಇನ್ನೂ ಕಣ್ ಬಿಡ್ತಿರೋ ಕೂಸು. ಅದಕ್ಕೇ ಒಂದು ರೆಸಲ್ಯೂಶನ್ ಮಾಡೋಣ ಅಂತ.”

ಓದಿದ. ಕೂಟದ ಸದಸ್ಯರಾಗಲಿ, ಅವರ ಮನೆಯವರಾಗಲಿ, ಕಮಿಟಿಯ ಒಪ್ಪಿಗೆಯಿಲ್ಲದೆ ಸ್ಥಳೀಯರಿಗೆ ಸಂಬಂಧಿಸಿದ ಯಾವ ವಿಷಯದಲ್ಲೂ ಗಾರ್ಡ ಮುಂದೆ, ಪತ್ರಿಕೆ ಮುಂದೆ ಹೇಳಿಕೆ ಕೊಡತಕ್ಕದ್ದಲ್ಲ.

ಕೈಯಲ್ಲಿದ್ದ ಜಾಲರಿ ಸೌಟು ಹಿಡಿದುಕೊಂಡೇ ನಾನು ಹೊರಗೆ ಬಂದೆ. ಎಣ್ಣೆ ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕಿತು. ತೊಟ್ಟಿಕ್ಕಲಿ.

“ಸುಹಾಸ್, ಅದನ್ನ ಇನ್ನೊಂದ್ ಸಲ ಓದಿ.”

“ಮೇಡಂ, ನೀವು ಕಮಿಟಿ ಮೆಂಬರ್ ಅಲ್ಲ...”

“ಮನೆ ಯಾರ್ದು? ಮಿರ್ಚಿ ಯಾರ್ದು? ಕೈ ಮುರಿದಿರೋ ಹುಡುಗ ಮೆಟ್ಟಿಲ ಮೇಲೆ ಕೂತಿದಾನೆ. ಅವನನ್ನ ಕೇಳಿದ್ರಾ?”

“ಸ್ಟೂಡೆಂಟ್ಸ್‌ಗೆ ವೋಟಿಂಗ್ ಇಲ್ಲ ಮೇಡಂ, ಬೈಲಾದಲ್ಲೇ ಐತೆ,” ಎಂದಳು ರತ್ನಾ, ಮಿರ್ಚಿಯ ತೊಟ್ಟು ತಟ್ಟೆಯ ಅಂಚಿಗಿಡುತ್ತ. “ನಮ್ಮ ಮಕ್ಕಳೂ ಅದೇ ಸ್ಕೂಲಿಗೆ ಹೋಗ್ಬೇಕಲ್ವಾ?”

“ನಿಮ್ಮ ಮಕ್ಕಳು ನಾಳೆ ಒದೆ ತಿಂದ್ರೆ ಯಾರ ಒಪ್ಪಿಗೆ ಕೇಳ್ತೀರಾ ರತ್ನಾ? ಈ ಸೋಫಾದ್ದಾ?”

ಸುಹಾಸ್ ಗಂಟಲು ಸರಿಮಾಡಿಕೊಂಡು, ಒಪ್ಪುವವರು ಕೈ ಎತ್ತಿ ಎಂದ. ರತ್ನಾ ಎತ್ತಿದಳು. ಬಾಯಲ್ಲಿ ಮಂಡಕ್ಕಿ ಇದ್ದವರೂ ಎತ್ತಿದರು. ನಾನು ಗಂಡನನ್ನೇ ನೋಡುತ್ತ ನಿಂತೆ. ಆತ ನೆಲ ನೋಡಿದ, ಕಿಟಕಿ ನೋಡಿದ, ಆಮೇಲೆ ಬಲಗೈ ಎತ್ತಿದ. ಉಲ್ಲಾಸ್‌ನ ಮಣಿಕಟ್ಟಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಕೂಡಿಸಿದ್ದ ಅದೇ ಕೈ.

“ಸರ್ವಾನುಮತದಿಂದ!” ಎಂದ ಸುಹಾಸ್. ಚಪ್ಪಾಳೆ ಹೊಡೆದರು. ಥೂ.

ಮೆಟ್ಟಿಲ ಮೇಲೆ ಉಲ್ಲಾಸ್ ಇದ್ದ. ಎರಡು ಮೆಟ್ಟಿಲು ಮೇಲೆ ಶರ್ವಾಣಿ ಇದ್ದಳು. ಇಬ್ಬರಿಗೂ ಎಲ್ಲ ಕೇಳಿಸಿತ್ತು. “ಆಂಟಿ, ಬಿಟ್ಬಿಡಿ. ನಿಮ್ಮನೇಲಿ ನನ್ನಿಂದ ಜಗಳ ಬೇಡ,” ಎಂದ ಹುಡುಗ. ಒದೆ ತಿಂದವನೇ ಕ್ಷಮೆ ಕೇಳುವ ಕಾಲ ಬಂತಲ್ಲ ಎಂದು ನನಗೆ ಅಳುವೇ ಬಂತು. ಒಲೆಯ ಮೇಲೆ ಮಿರ್ಚಿ ಸೀದುಹೋಗಿದ್ದವು. ಸೀದದ್ದನ್ನೇ ತಟ್ಟೆಗೆ ಹಾಕಿ ಕಮಿಟಿಯ ಮುಂದೆ ಇಟ್ಟೆ.

ಆ ವಾರವೇ ಶಾಲೆಯ ನಾಟಕ. ನನ್ನ ಗಂಡ ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಫಿಂಟನ್‌ನ ಅಪ್ಪ ನಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ತಿರುಗಿ ನಕ್ಕು ಕೈ ಕುಲುಕಿದರು. ಗಂಡನೂ ಕುಲುಕಿದ. ಆ ಮನುಷ್ಯನಿಗೆ ಮಗನ ಕೆಲಸ ಗೊತ್ತಿತ್ತೋ ಇಲ್ಲವೋ ನಾನರಿಯೆ. ನನ್ನ ಗಂಡನಿಗಂತೂ ಗೊತ್ತಿತ್ತು.

ಮಕ್ಕಳು ಚೆನ್ನಾಗಿಯೇ ಮಾಡಿದರು. ಹತ್ತಿಯ ಮೀಸೆ, ಅಜ್ಜಂದಿರ ಕೋಟು, ಗ್ಲಾಸುಗಳಲ್ಲಿ ಆಪಲ್ ಜ್ಯೂಸು. ಕೆಸರಿನಲ್ಲಿ ಕಾಲೆಳೆದುಕೊಂಡು ಬಂದರು, ಜಿಲ್ಲೆಗಳನ್ನು ಹಂಚಿಕೊಂಡರು, ಪ್ರತಿ ಮಸೂದೆಗೂ ಒಂದು ಗುಟುಕು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಭಾಪತಿ ಫಿಂಟನ್ ಸುತ್ತಿಗೆ ಕುಟ್ಟುತ್ತ, ಇನ್ನೇನಾದರೂ ಬಾಕಿ ಇದೆಯೇ ಎಂದು ಕೇಳಿದ. ಅಲ್ಲಿಗೆ ನಾಟಕ ಮುಗಿಯಬೇಕು.

ಶರ್ವಾಣಿ ಎದ್ದು ನಿಂತಳು.

ಅವಳ ಕೈಯಲ್ಲಿ ಹಾಳೆಯಿರಲಿಲ್ಲ. ಬಾಯಿಪಾಠ ಮಾಡಿಕೊಂಡಿದ್ದಳು. ಸಭಾಪತಿಗಳೇ, ನನ್ನದೊಂದು ಮಸೂದೆಯಿದೆ ಎಂದು ಶುರುಮಾಡಿ, ಅಡುಗೆಮನೆಯಲ್ಲಿ ನಾವಿಬ್ಬರೂ ಓದಿದ್ದ ಆ ಸಾಕ್ಷಿಯ ಕಾನೂನನ್ನು ಅಕ್ಷರ ಬಿಡದೆ ಹೇಳಿದಳು. ನಗು ನಿಂತಿತು. ಪರದೆಯ ಪಕ್ಕದಿಂದ ಟೀಚರ್ ಅರ್ಧ ಹೊರಗೆ ಬಂದು, ಇದು ಸ್ಕ್ರಿಪ್ಟಿನಲ್ಲಿಲ್ಲ ಶರ್ವಾಣಿ ಎಂದರು.

“ಅವರು ಮಾಡಿದ್ದು ಇದು, ಮಿಸ್,” ಎಂದಳು ಇಂಗ್ಲಿಷಿನಲ್ಲಿ. “ಮತಕ್ಕೆ ಹಾಕಿ.”

ಹೇಳುವಾಗ ಅವಳು ನೋಡುತ್ತಿದ್ದದ್ದು ಫಿಂಟನ್‌ನನ್ನು. ಅವನ ಕಿವಿ ಕೆಂಪಾಯಿತು. ಆದರೆ ಹುಡುಗ ಚಾಲಾಕಿ, ಸಾವರಿಸಿಕೊಂಡ. ಸುತ್ತಿಗೆ ಕುಟ್ಟಿ, ಇದನ್ನು ವಿರೋಧಿಸುವವರು ಎಂದು ಕೂಗಿ, ತಾನೇ ಮೊದಲು ಕೈ ಎತ್ತಿದ. ಮಕ್ಕಳೆಲ್ಲ ಎತ್ತಿದರು. ಪರವಾಗಿ ಎಷ್ಟು ಜನ ಎಂದು ಕೇಳಲೂ ಇಲ್ಲ. ಮಸೂದೆ ಬಿದ್ದಿದೆ ಎಂದ. ಸರ್ವಾನುಮತದಿಂದ ಎಂದ.

ಏನು ಚಪ್ಪಾಳೆ ಅಂತೀರಿ! ಹಾಲಿಗೆ ಹಾಲೇ ಎದ್ದು ನಿಂತಿತು. ಟೀಚರ್ ಕಣ್ಣೊರೆಸಿಕೊಂಡರು. ಫಿಂಟನ್‌ನ ಅಪ್ಪ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು. ನೂರೆಪ್ಪತ್ತು ವರ್ಷ ದಾಟಿದ ಮೇಲೆ, ಹತ್ತಿಯ ಮೀಸೆ ಅಂಟಿಸಿಕೊಂಡು, ಸತ್ತವರ ಕಾನೂನಿಗೆ ‘ಬೇಡ’ ಎನ್ನಲು ಏನು ಖರ್ಚು? ಒಂದು ಪೈಸೆ ಇಲ್ಲ. ವೇದಿಕೆಯ ಮೇಲೆ ನನ್ನ ಮಗಳೊಬ್ಬಳೇ ಕೈ ಕೆಳಗಿಟ್ಟುಕೊಂಡು ನಿಂತಿದ್ದಳು. “ಬಟ್ ಇಟ್ ಪಾಸ್ಡ್,” ಎನ್ನುತ್ತಿದ್ದಳು. “ಅವತ್ತು ಪಾಸಾಗಿತ್ತು.” ಅವಳ ತುಟಿ ನೋಡಿ ನನಗೆ ಗೊತ್ತಾಯಿತು. ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಲಿಲ್ಲ.

ಪಕ್ಕಕ್ಕೆ ತಿರುಗಿದೆ. ನನ್ನ ಗಂಡ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ. ಕಣ್ಣಲ್ಲಿ ನೀರು ಬೇರೆ! ಅನ್ಯಾಯ ಸೋತಿತಲ್ಲ ಎಂಬ ಸಂತೋಷದ ನೀರು. ಆತನ ಬಲಗೈ ಮಣಿಕಟ್ಟು ಹಿಡಿದುಕೊಂಡೆ, ಉಗುರು ನಾಟುವ ಹಾಗೆ.

“ಸಾಕು ನಿಲ್ಸಿ,” ಎಂದೆ.

“ಯಾಕೆ? ಎಷ್ಟ್ ಚೆನ್ನಾಗ್ ಮಾಡಿದ್ಲು ನಮ್ ಹುಡುಗಿ...”

“ನಿಲ್ಸಿ ಅಂದ್ರೆ ನಿಲ್ಸಿ.”

ಹೊರಗೆ ಮಳೆ ಹಿಡಿದಿತ್ತು. ಕಾರಿನಲ್ಲಿ ಮೂವರೂ ಕೂತೆವು. ಆತ ಕೀ ತಿರುಗಿಸಲಿಲ್ಲ, ಏನೋ ಒಳ್ಳೆಯ ಮಾತು ಹುಡುಕುತ್ತಿದ್ದ. ಹಿಂದಿನ ಸೀಟಿನಿಂದ ಶರ್ವಾಣಿ ಮಾತಾಡಿದಳು. ಕನ್ನಡದಲ್ಲಿ. ಬಂದ ಹೊಸತರಲ್ಲಿ ಮಾತಾಡುತ್ತಿದ್ದ ಕನ್ನಡ, ಎಲ್ಲೋ ಮಡಚಿ ಇಟ್ಟಿದ್ದನ್ನು ತೆಗೆದ ಹಾಗೆ.

“ಅಪ್ಪಾ, ನೀನ್ ಯಾಕೆ ಚಪ್ಪಾಳೆ ಹೊಡ್ದೆ?”

ಆತ ಕನ್ನಡಿಯಲ್ಲಿ ಅವಳನ್ನು ನೋಡಿದ. “ಪುಟ್ಟಾ, ನೀನು...”

“ಭಾನುವಾರಾನೂ ಹೊಡ್ದೆ. ಇವತ್ತೂ ಹೊಡ್ದೆ. ಯಾವುದು ನಿಜ?”

ವೈಪರ್ ಕೂಡ ಹಾಕಿರಲಿಲ್ಲ. ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ನನ್ನ ನಾಲಿಗೆಯ ತುದಿಯಲ್ಲಿ ನೂರು ಮಾತಿದ್ದವು. ಹಲ್ಲು ಕಚ್ಚಿ ಕೂತೆ. ಮಗಳು ಕೇಳಿದ ಮೇಲೆ ನಾನು ಕೇಳುವುದೇನಿದೆ?

“ಹೆದರಿಕೆ ಪುಟ್ಟಾ,” ಎಂದ ಆತ.

“ನಂಗೂ ಹೆದರಿಕೆ,” ಎಂದಳು. “ಫಿಂಟನ್ ದಿನಾ ನನ್ ಹಿಂದಿನ್ ಬೆಂಚಲ್ಲೇ ಕೂರ್ತಾನೆ. ಗಾರ್ಡ ಸ್ಟೇಷನ್‌ಗೆ ಹೋಗು.”

ಆತ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ. ಕಾರು ಹೊರಟಿತು.

ಸ್ಟೇಷನ್ನಿನಲ್ಲಿ ಚಿಕ್ಕ ವಯಸ್ಸಿನ ಗಾರ್ಡ ಹುಡುಗಿಯೊಬ್ಬಳು ವಿಷಯ ಕೇಳಿಕೊಂಡು, ಒಳಗಿನ ಕೋಣೆಯ ಬಾಗಿಲು ತೆರೆದಳು. ಪಕ್ಕದಲ್ಲಿ ಕೂರುವವರು ಯಾರು ಎಂದಳು. ನಾನು ಆಗಲೇ ಎದ್ದಿದ್ದೆ. ಶರ್ವಾಣಿ ತಲೆಯಾಡಿಸಿದಳು.

“ನೀನಲ್ಲ ಅಮ್ಮಾ. ಅಪ್ಪ ಬರ್ಲಿ.”

ಆತ ಎದ್ದ. ಬಿಳಿಚಿಕೊಂಡಿದ್ದ. ಆಪರೇಷನ್ ಕೋಣೆಗೆ ರೋಗಿ ಹೋಗುವ ಹಾಗೆ ಮಗಳ ಹಿಂದೆ ಹೋದ.

ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಫೋನು ರಿಂಗಾಯಿತು. ಸುಹಾಸ್.

“ಮೇಡಂ, ನಮಸ್ಕಾರ. ಪೇಟದ ಸೈಜು ಒಂದ್ಸಲ ನೋಡಿ ಹೇಳ್ತೀರಾ? ಗೆಸ್ಟ್ ತಲೆ ಸ್ವಲ್ಪ ದೊಡ್ಡದು.”

“ಸುಹಾಸ್, ನಾನೀಗ ಗಾರ್ಡ ಸ್ಟೇಷನ್‌ನಲ್ಲಿದೀನಿ. ನನ್ನ ಮಗಳು ಒಳಗೆ ಹೇಳಿಕೆ ಕೊಡ್ತಿದಾಳೆ. ನಿಮ್ಮ ಒಪ್ಪಿಗೆ ಕೇಳಿಲ್ಲ.”

“ಮೇಡಂ... ಹಾಲು ಹೋಗುತ್ತೆ. ಡಬ್ಲಿನ್‌ನೋರು ಏನ್ ಅಂದ್ಕೋತಾರೆ? ಸರ್ವಾನುಮತದ ನಿರ್ಣಯ ಅದು. ನಿಮ್ಮ ಯಜಮಾನ್ರೇ...”

“ಯಜಮಾನ್ರು ಒಳಗೇ ಇದಾರೆ. ಹಾಲು ಹೋದ್ರೆ ಬಯಲಲ್ಲಿ ಕೊಡೆ ಹಿಡ್ಕೊಂಡು ನಾಡಗೀತೆ ಹಾಡೋಣ, ಭುವನೇಶ್ವರಿಗೆ ನೆಗಡಿ ಆಗಲ್ಲ. ಪೇಟದ ಯೋಚನೆ ಬಿಡಿ. ಅದು ಉಲ್ಲಾಸ್ ತಲೆಗೆ ಸರಿಹೋಗುತ್ತೆ, ನಾನ್ ನೋಡಿದೀನಿ. ನಿಮ್ಮ ಮುಖ್ಯ ಅತಿಥಿಗೆ ಬೇರೆ ಹುಡ್ಕೊಳ್ಳಿ.” ಫೋನು ಇಟ್ಟೆ. ಎದುರಿನ ಗೋಡೆಯಲ್ಲಿ ಸೈಕಲ್ಲಿಗೆ ಬೀಗ ಹಾಕಿ ಎಂಬ ಪೋಸ್ಟರಿತ್ತು, ಅದನ್ನೇ ಮತ್ತೆ ಮತ್ತೆ ಓದಿದೆ.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಶರ್ವಾಣಿ ಮೊದಲು ಬಂದಳು. ಮೂಗು ಕೆಂಪಗಿತ್ತು. “ಹಸಿವಾಗ್ತಿದೆ,” ಎಂದು ನನ್ನ ಪಕ್ಕ ಕೂತು ಭುಜಕ್ಕೆ ತಲೆಯಿಟ್ಟಳು. ಹಿಂದೆ ಆತ ಬಂದು ನಿಂತ.

“ಎಲ್ಲಾ ಹೇಳಿದ್ಲು,” ಎಂದ.

“ಎಲ್ಲಾ ಅಂದ್ರೆ?”

“ಫಿಂಟನ್‌ದು. ಉಳಿದಿಬ್ಬರದು. ಇಷ್ಟು ದಿನ ಯಾಕೆ ಹೇಳಿಲ್ಲ ಅಂತ ಕೇಳಿದ್ರು ಅವರು. ‘ನಮ್ಮಪ್ಪನಿಗೆ ಅವತ್ತೇ ಹೇಳಿದ್ದೆ, ನೀನು ಏನೂ ನೋಡಿಲ್ಲ ಅಂದ್ರು’ ಅಂತ ಹೇಳಿದ್ಲು. ನನ್ನ ಮುಖ ನೋಡ್ಕೊಂಡೇ ಹೇಳಿದ್ಲು ಚಂದ್ರ. ಅದನ್ನೂ ಬರ್ಕೊಂಡ್ರು.”

“ನೀವೇನಂದ್ರಿ?”

“ನಿಜಾನಾ ಅಂತ ನನ್ನ ಕೇಳಿದ್ರು. ಹೌದು ಅಂದೆ.”

ಹೇಳಿ ನನ್ನನ್ನೇ ನೋಡುತ್ತ ನಿಂತ. ಆ ಒಂದು ‘ಹೌದು’ಗೆ ನಾನೊಂದು ಚಪ್ಪಾಳೆ ಹೊಡೆಯಲಿ ಎಂದು ಕಾಯುತ್ತಿದ್ದ ಹಾಗಿತ್ತು.

ನಾನು ಹೊಡೆಯಲಿಲ್ಲ. ಶರ್ವಾಣಿಯ ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಕಾರಿನ ಕೀಗಾಗಿ ಕೈಚಾಚಿದೆ. ಮನೆಯಲ್ಲಿ ಉಲ್ಲಾಸ್ ಊಟಕ್ಕೆ ಕಾಯುತ್ತಿರುತ್ತಾನೆ. ಎಡಗೈಯಲ್ಲಿ ಅವನಿಗೆ ಇನ್ನೂ ಅನ್ನ ಕಲಸಿಕೊಳ್ಳಲು ಬರುವುದಿಲ್ಲ.